ನೂರಡಿ ಆಚೆಯ ಸುಣ್ಣದ ಗೆರೆ

ಊರಿನ ಹೆಸರು ಬೇಡ. ಸ್ಯಾನ್ ರಮೋನಿಗೂ ಡಬ್ಲಿನ್ನಿಗೂ ಅಷ್ಟೇನೂ ದೂರವಲ್ಲದ, ಫ್ರೀವೇಯ ಸದ್ದು ಹಿತ್ತಿಲಿನವರೆಗೂ ಕೇಳುವ ಒಂದು ಊರು ಎಂದಿಟ್ಟುಕೊಳ್ಳಿ. ಹೆಸರು ಹೇಳಿದರೆ ಅಲ್ಲಿಯವರು ಆ ಮೈದಾನದ ಜಗಳವನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಕೇಳುವ ತಾಳ್ಮೆ ನನಗಿಲ್ಲ. ಇಸವಿ ಮಾತ್ರ ಹೇಳುತ್ತೇನೆ, ಎಂಬತ್ತಾರು. ಅಕ್ಟೋಬರಿನ ಒಂದು ಶನಿವಾರ ಸುಗುಣಾ ಟಪಾಲು ಒಡೆದು ನೋಡಿದರೆ ಕೌಂಟಿಯವರ, ಎಂದರೆ ಅಲ್ಲಿಯ ಜಿಲ್ಲಾಡಳಿತದ, ಕಾಗದ: ನಿಮ್ಮ ಗ್ಯಾರೇಜನ್ನು ಮತಗಟ್ಟೆಯಾಗಿ ಬಿಟ್ಟುಕೊಟ್ಟದ್ದಕ್ಕೆ ವಂದನೆಗಳು, ನವೆಂಬರ್ ನಾಲ್ಕರ ಬೆಳಿಗ್ಗೆ ಆರಕ್ಕೆ ನಮ್ಮವರು ಬರುತ್ತಾರೆ.

ಆ ಕಡೆ ಅದೇನೂ ವಿಶೇಷವಲ್ಲ. ಚುನಾವಣೆ ಬಂತೆಂದರೆ ಬೀದಿಗೊಬ್ಬರು ಕಾರು ಹೊರಗೆ ನಿಲ್ಲಿಸಿ ಗ್ಯಾರೇಜು ಕೊಡುತ್ತಾರೆ, ಜನ ಚಪ್ಪಲಿ ಎಳೆದುಕೊಂಡು ಬಂದು ವೋಟು ಹಾಕಿ ಹೋಗುತ್ತಾರೆ. ವಿಶೇಷವೆಂದರೆ ಸುಗುಣಾಳ ಗ್ಯಾರೇಜು ಕೊಟ್ಟ ಸಂಗತಿ ಸುಗುಣಾಳಿಗೆ ಕೌಂಟಿಯವರಿಂದ ಗೊತ್ತಾದದ್ದು.

"ಇದೆಂತ ಇದು?" ಎಂದು ಗಂಡನ ಮುಂದೆ ಕಾಗದ ಹಿಡಿದಳು.

ಉಮಾನಾಥ ಸಾಕರ್ ಬೂಟಿನ ಮಣ್ಣು ಕೆರೆಯುತ್ತ ಕೂತಿದ್ದ. "ಅದಾ? ಕೊಟ್ಟಿದ್ದೇನೆ ಮಾರಾಯ್ತಿ. ಒಂದು ದಿವಸದ್ದು. ಬರ್ತಾರೆ, ವೋಟು ಹಾಕ್ತಾರೆ, ಹೋಗ್ತಾರೆ. ನಾವೇನು ಎಲೆ ಹಾಕಿ ಬಡಿಸ್ಬೇಕಾ?"

"ಗ್ಯಾರೇಜಿನಲ್ಲಿ ನಿಮ್ಮ ನೆಟ್ಟು, ಗೋಲಿನ ಪೈಪು, ಸುಣ್ಣದ ಚೀಲ ಎಲ್ಲ ಉಂಟಲ್ಲ. ತೆಗೆಯುವುದು ಯಾರು?"

"ನೀನು ಸೋಮವಾರ, ಮಂಗಳವಾರ ಎರಡು ರಜೆ ಹಾಕಿದ್ರೆ ಆಯ್ತು."

ಇಬ್ಬರೂ ಉಡುಪಿಯವರು. ಮದುವೆಯಾದ ಹೊಸದರಲ್ಲಿ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು. ಕನ್ನಡ ಬರುತ್ತಿದ್ದದ್ದು ಏನಾದರೂ ವ್ಯವಹಾರ ಮಾತಾಡುವಾಗ. ಬರಬರುತ್ತ ಮನೆಯಲ್ಲಿ ವ್ಯವಹಾರವೇ ಜಾಸ್ತಿಯಾಗಿ ತುಳು ಕೇಳುವುದು ಅಪರೂಪವಾಗಿತ್ತು.

ಉಮಾನಾಥನ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅವನು ಕೆಟ್ಟವನಲ್ಲ. ರಸ್ತೆ, ಸೇತುವೆಗಳ ನಕ್ಷೆ ಬರೆಯುವ ಕಂಪನಿಯಲ್ಲಿ ಅವನ ಕೆಲಸ. ಕಾಲೇಜಿನಲ್ಲಿದ್ದಾಗ ಒಳ್ಳೆಯ ಫುಟ್‌ಬಾಲ್ ಆಡುತ್ತಿದ್ದ. ಮಗಳು ಸ್ನೇಹಲತಾಳಿಗೆ ಒಂಬತ್ತಾದಾಗ ಅವಳನ್ನು ಊರಿನ ಸಾಕರ್ ತಂಡಕ್ಕೆ ಸೇರಿಸಿದ, ತಿಂಗಳೊಪ್ಪತ್ತಿನಲ್ಲಿ ತಾನೇ ಕೋಚ್ ಆದ. ಕೋಚ್ ಆದವನ ಹೆಂಡತಿ ತಂಡದ ತಾಯಿ ಎಂದು ಅಲ್ಲಿಯ ಪದ್ಧತಿ. ಆಟದ ಮಧ್ಯದ ಬಿಡುವಿನಲ್ಲಿ ಮಕ್ಕಳಿಗೆ ಆರೆಂಜು ಹೆಚ್ಚಿ ಕೊಡುವುದು ತಂಡದ ತಾಯಿಯ ಪಾಲಿನ ಕೆಲಸ. ವಾರಕ್ಕೆ ಮೂವತ್ತು ಹಣ್ಣು. ಸ್ನೇಹಲತಾ ಹದಿಮೂರಕ್ಕೇ ಆಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಹಾಡು ಕೇಳುವುದಕ್ಕೆ ಶುರುಮಾಡಿದಳು. ಉಮಾನಾಥ ಬಿಡಲಿಲ್ಲ. ಬೇರೆಯವರ ಹೆಣ್ಣುಮಕ್ಕಳಿಗೆ ಕೋಚ್ ಆಗಿ ಮುಂದುವರಿದ, ಸುಗುಣಾ ಬೇರೆಯವರ ಹೆಣ್ಣುಮಕ್ಕಳಿಗೆ ಆರೆಂಜು ಹೆಚ್ಚುತ್ತ ಮುಂದುವರಿದಳು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಶಿಫ್ಟು, ಪಕ್ಕದ ಬೀದಿಯ ನರ್ಸಿನ ಕಾರಿನಲ್ಲಿ ಹೋಗಿಬರುವುದು. ಊರಿನಲ್ಲಿ ಬಿ.ಎಸ್ಸಿ. ಮಾಡಿದವಳು, ಇಲ್ಲಿ ಒಂದು ಕೋರ್ಸು ಮುಗಿಸಿದರೆ ಲೈಸೆನ್ಸಿನ ಪರೀಕ್ಷೆಗೆ ಕೂರಬಹುದಿತ್ತು. ಪಾಸಾದರೆ ದಿನವಿಡೀ ಸೂಜಿ ಹಿಡಿದು ಕಾರಿಡಾರು ಸುತ್ತುವುದು ತಪ್ಪಿ, ಕೂತು ಮೈಕ್ರೋಸ್ಕೋಪು ನೋಡುವ ಕೆಲಸ. ಆ ಕೋರ್ಸು ಇದ್ದದ್ದು ಕಾಲೇಜಿನಲ್ಲಿ, ಇಪ್ಪತ್ತು ಮೈಲಿ ದೂರ, ಜನವರಿಯಿಂದ ಜೂನಿನವರೆಗೆ ಪ್ರತಿ ಶನಿವಾರ ಬೆಳಿಗ್ಗೆ. ಮನೆಯಲ್ಲಿದ್ದ ಒಂದೇ ಕಾರು, ಹಿಂದೆ ಸಾಮಾನು ತುಂಬುವ ಸ್ಟೇಶನ್ ವ್ಯಾಗನ್, ಶನಿವಾರ ಬೆಳಿಗ್ಗೆ ನೆಟ್ಟು, ಪೈಪು, ಹನ್ನೆರಡು ಚೆಂಡು ತುಂಬಿಕೊಂಡು ಮೈದಾನಕ್ಕೆ ಹೋಗುತ್ತಿತ್ತು. ಕೋರ್ಸಿನ ಫಾರಮ್ಮು ಅಡುಗೆಮನೆಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡುಗಳ ಕೆಳಗೆ ಬಿದ್ದಿತ್ತು. ಇದು ಮೂರನೆಯ ವರ್ಷದ ಫಾರಮ್ಮು.

ಈಗ ಆ ಮೈದಾನವನ್ನೇ ಮಾರಬೇಕೆಂದು ಊರಿನ ಕೌನ್ಸಿಲು ಹೊರಟಿತ್ತು. ಆಫೀಸು ಕಟ್ಟುವವರು ಕೇಳಿದ್ದರು. ಜನರೇ ತೀರ್ಮಾನಿಸಲಿ ಎಂದು ಬ್ಯಾಲೆಟ್ಟಿಗೆ ಹಾಕಿದ್ದರು: ಯೆಸ್ ಎಂದರೆ ಮಾರುವುದು, ನೋ ಎಂದರೆ ಉಳಿಸುವುದು. ಉಳಿಸುವವರ ಕಮಿಟಿಗೆ ಅಧ್ಯಕ್ಷ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಸಂಜೆಯಾದರೆ ಮನೆಮನೆಯ ಬಾಗಿಲು ತಟ್ಟುವುದು, ಊಟದ ಹೊತ್ತಿಗೆ ಫೋನು. ಹೆಂಡತಿಯ ಮಾದರಿ ಬ್ಯಾಲೆಟ್ಟಿನಲ್ಲಿ ಪೆನ್ಸಿಲಿನಿಂದ ನೋ ಎಂದು ಗುರುತು ಹಾಕಿ, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಆ ವರ್ಷವಷ್ಟೇ ಸಿಟಿಜನ್ ಆದವಳಿಗೆ ಅದು ಮೊದಲ ವೋಟು. ಬೇಡವೆಂದರೂ ಹಾಲು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಚುನಾವಣೆಯ ಹಿಂದಿನ ದಿನ, ಸೋಮವಾರ, ಅವಳೊಬ್ಬಳೇ ಗ್ಯಾರೇಜು ಖಾಲಿ ಮಾಡಿದಳು. ಗೋಲಿನ ಪೈಪು ಎಳೆಯುವಾಗ ಸೊಂಟ ಹಿಡಿದುಕೊಂಡಿತು. ಮಂಗಳವಾರ ಆರು ಗಂಟೆಗೆ ಮತಗಟ್ಟೆಯ ಮುಖ್ಯಸ್ಥೆ ಬಂದಳು. ಹೆಸರು ಮಿಸೆಸ್ ಪೆರೇರಾ. ಸುಗುಣಾ ಆಸೆಯಿಂದ ನಿಮ್ಮದು ಮಂಗಳೂರಾ ಎಂದು ಕೇಳಿಯೇಬಿಟ್ಟಳು. ಆ ಮುದುಕಿ ತನ್ನ ಅಜ್ಜ ಪೋರ್ಚುಗಲ್ ಕಡೆಯ ಒಂದು ದ್ವೀಪದಿಂದ ಹಸು ಸಾಕುವುದಕ್ಕೆ ಬಂದವನೆಂದು ಹೇಳಿ, ಗೋಡೆಯ ಮೇಲಿದ್ದ ಸಾಕರ್ ತಂಡದ ಫೋಟೋ ತೆಗೆಯಿಸಿದಳು. ಅದು ಪ್ರಚಾರವಾಗುತ್ತದಂತೆ. ಸುಗುಣಾ ಬಂದವರಿಗೆಲ್ಲ ಇರಲಿ ಎಂದು ನಾಲ್ಕಕ್ಕೇ ಎದ್ದು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿದ್ದಳು, ಎರಡು ಫ್ಲಾಸ್ಕು ಕಾಫಿ. ಮನೆಗೆ ಬಂದವರನ್ನು ಹಾಗೇ ಕಳಿಸುವುದು ಹೇಗೆ? ಅದನ್ನೂ ಮುದುಕಿ ಬೇಡವೆಂದಳು. ವೋಟು ಹಾಕುವವರ ಕೈಗೆ ತಿನ್ನುವುದಕ್ಕೆ ಕೊಟ್ಟರೆ ವೋಟಿಗಾಗಿ ಕೊಟ್ಟಂತೆ ಕಾಣುತ್ತದೆ, ಹಾಗೆ ಮಾಡುವಂತಿಲ್ಲ. ಪಾತ್ರೆ ವಾಷಿಂಗ್ ಮೆಷಿನಿನ ಮೇಲೆಯೇ ಉಳಿಯಿತು. ಮತಗಟ್ಟೆಯ ಮೂವರು ಮುದುಕಿಯರು ಮಾತ್ರ ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಕೊನೆಗೆ ಮಿಸೆಸ್ ಪೆರೇರಾ ಉಮಾನಾಥನನ್ನೇ ಹೊರಗೆ ಹಾಕಿದಳು. ಕಮಿಟಿಯ ಹಸಿರು ಜಾಕೆಟ್ಟು ತೊಟ್ಟವರು ಮತಗಟ್ಟೆಯಿಂದ ನೂರು ಅಡಿ ದೂರ ಇರಬೇಕು, ಅದು ಅವರ ಮನೆಯೇ ಆಗಿದ್ದರೂ ಸರಿ. ಜಾಕೆಟ್ಟು ಬಿಚ್ಚಿದ್ದರೆ ಮುಗಿಯುತ್ತಿತ್ತು. ಅವನು ಟೇಪು ತಂದು ಅಳೆದ. ನೂರು ಅಡಿ ಎದುರು ಸಾಲಿನ ಗೆಳೆಯ ಜಯರಾಜನ ಅಂಚೆಪೆಟ್ಟಿಗೆಯ ಬುಡಕ್ಕೆ ಬಂತು. ಮೈದಾನಕ್ಕೆ ಗೆರೆ ಎಳೆಯುವ ಗಾಡಿಗೆ ಸುಣ್ಣ ತುಂಬಿ ರಸ್ತೆಯ ಮೇಲೆ ಅಚ್ಚುಕಟ್ಟಾಗಿ ಒಂದು ಬಿಳಿ ಗೆರೆ ಎಳೆದು, ಅದರಾಚೆ ನಿಂತುಕೊಂಡ. ಬೆಳಗಿನಿಂದ ಸಂಜೆಯವರೆಗೆ ನಿಂತ. ಸ್ಕೂಲಿಗೆ ಹೊರಟ ಸ್ನೇಹಲತಾ ಅಪ್ಪನನ್ನು ನೋಡಿ, "ಓ ಮೈ ಗಾಡ್" ಎಂದಷ್ಟೇ ಹೇಳಿ ಹಿತ್ತಿಲ ಕಡೆಯಿಂದ ಹೋದಳು.

ಮಧ್ಯಾಹ್ನ ಎರಡು ಗಂಟೆಗೆ ಜನ ಕಡಿಮೆಯಾದರು. ಸುಗುಣಾ ಸಹಿ ಮಾಡಿ ಕಾರ್ಡು ತೆಗೆದುಕೊಂಡಳು. ನೀರು ಕಾಯಿಸುವ ಹಂಡೆಯ ಪಕ್ಕ, ಸಣ್ಣ ಕಾಲುಗಳ ಮೇಲೆ ನಿಂತ, ವೋಟು ಹಾಕುವ ಮರೆ. ಕಾರ್ಡನ್ನು ಸೀಳಿನಲ್ಲಿ ತೂರಿಸಿ, ದಾರಕ್ಕೆ ಕಟ್ಟಿದ ಕಡ್ಡಿಯಿಂದ ಬೇಕಾದ ಕಡೆ ಚುಚ್ಚಿ ತೂತು ಮಾಡಬೇಕು. ಗವರ್ನರು, ಜಡ್ಜು ಎಲ್ಲ ಮುಗಿದು ಕೊನೆಯ ಹಾಳೆಗೆ ಬಂದಳು. ತಲೆಯೆತ್ತಿದರೆ ತೆರೆದ ಬಾಗಿಲಿನಾಚೆ, ಗೆರೆಯಾಚೆ, ಬಿಸಿಲಿನಲ್ಲಿ ಉಮಾನಾಥ. ಅವಳು ಮರೆಯಲ್ಲಿ ನಿಂತದ್ದು ಕಂಡು ಕೈಯೆತ್ತಿದ.

ಅವನ ಮೇಲೆ ಅವಳಿಗೆ ಆಗ ಸಿಟ್ಟಿರಲಿಲ್ಲ. ಪಾಪವೆನಿಸಿತು. ಕಾಲು ನೋಯುತ್ತಿರಬೇಕು, ಕಾಫಿ ಕೊಟ್ಟು ಬರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ತಾನು ಆರು ವರ್ಷದಿಂದ ಮಾಡುತ್ತ ಬಂದದ್ದು ಅದನ್ನೇ ಎಂದು ತಿಳಿಯಿತು. ಇನ್ನು ಆಗುವುದಿಲ್ಲ ಎನಿಸಿತು. ಯೆಸ್ ಎಂದಿದ್ದ ಕಡೆ ಕಡ್ಡಿ ಇಟ್ಟು ಒತ್ತಿದಳು. ಟಕ್ ಎಂದಿತು. ಮಿಸೆಸ್ ಪೆರೇರಾ ಅವಳ ಸೆರಗಿಗೆ, ನಾನು ವೋಟು ಹಾಕಿದ್ದೇನೆ ಎನ್ನುವ ಚೀಟಿ ಅಂಟಿಸಿದಳು. ಆಮೇಲೆ ಸುಗುಣಾ ಫ್ಲಾಸ್ಕು ಹಿಡಿದು ಗೆರೆಯವರೆಗೆ ನಡೆದು ಹೋಗಿ ಗಂಡನಿಗೆ ಕಾಫಿ ಕೊಟ್ಟಳು. ಅವನು, "ಥ್ಯಾಂಕ್ಸು, ಒಂದು ವೋಟು ಗ್ಯಾರಂಟಿ ಆಯ್ತು" ಎಂದ. ಅವಳು ಖಾಲಿ ಲೋಟ ತೆಗೆದುಕೊಂಡು ವಾಪಸು ಬಂದಳು.

ಬುಧವಾರ ಬೆಳಿಗ್ಗೆ ರೇಡಿಯೋದಲ್ಲಿ ಬಂತು. ಮೈದಾನ ಹೋಯಿತು. ನಾಲ್ಕು ಸಾವಿರಕ್ಕೂ ಮೇಲಿನ ಅಂತರ; ಸುಗುಣಾ ಮಾಡಿದ ಒಂದು ತೂತಿಗೆ ಅಲ್ಲಿ ಬೆಲೆಯೇ ಇರಲಿಲ್ಲ. ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಉಮಾನಾಥ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದ್ದು ಜಯರಾಜನ ಮೇಲೆ. ಜಯರಾಜ್ ಮಂಗಳೂರಿನವನು, ಮನೆ ಮಾರಾಟದ ಆಫೀಸಿನಲ್ಲಿ ಗುಮಾಸ್ತ. ಹನ್ನೊಂದು ವರ್ಷದ ಸ್ನೇಹ. ಈ ಮನೆ ಕೊಂಡಾಗ ಸಾಮಾನು ಇಳಿಸಿದವನು ಅವನೇ.

"ಅವನೇ ಕೈ ಕೊಟ್ಟದ್ದು. ಅವತ್ತು ವೋಟು ಹಾಕಿ ಬರುವಾಗ ನನ್ನ ಮುಖ ನೋಡ್ಲಿಲ್ಲ. ಅವನ ಆಫೀಸಿನವರಿಗೆಲ್ಲ ಮೈದಾನ ಮಾರಿದ್ರೇ ಲಾಭ. ಇನ್ನು ಆ ಮನೆಯ ಮೆಟ್ಟಲು ಹತ್ತುವುದಿಲ್ಲ ನಾನು."

ಶುಕ್ರವಾರ ಸಂಜೆ ಜಯರಾಜ್ ಬಂದು ಗಂಟೆ ಒತ್ತಿದ. ಉಮಾನಾಥ ಕಿಟಕಿಯಿಂದ ನೋಡಿ ಬಾಗಿಲು ತೆಗೆಯಲಿಲ್ಲ, ಸುಗುಣಾಳಿಗೂ ಬೇಡವೆಂದು ಕೈ ಮಾಡಿದ. ಜಯರಾಜ್ ಇನ್ನೊಂದು ಸಲ ಗಂಟೆ ಒತ್ತಿ, ಸ್ವಲ್ಪ ಹೊತ್ತು ನಿಂತು, ಹೊರಟುಹೋದ. ಸುಗುಣಾ ಸಿಂಕಿನಲ್ಲಿ ಮೂವತ್ತು ಆರೆಂಜು ತೊಳೆಯುತ್ತಿದ್ದಳು. ಮರುದಿನ ಆ ವರ್ಷದ ಕೊನೆಯ ಮ್ಯಾಚು. ಅವಳು ನಲ್ಲಿ ನಿಲ್ಲಿಸಿದಳು.

"ಜಯರಾಜಣ್ಣ ಎಂತ ಚುಚ್ಚಿದ್ರೋ ನನಗೆ ಗೊತ್ತಿಲ್ಲ. ಯೆಸ್ ಚುಚ್ಚಿದ್ದು ನಾನು."

"ತಮಾಷೆ ಮಾಡ್ಬೇಡ."

"ತಮಾಷೆ ಮಾಡುವಷ್ಟು ತ್ರಾಣ ನನಗಿಲ್ಲ."

ಉಮಾನಾಥ ಕುರ್ಚಿ ಎಳೆದು ಕೂತ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಫ್ರಿಜ್ಜಿನ ಮೇಲೆ ತಾನೇ ಅಂಟಿಸಿದ ಹಾಳೆಯನ್ನು ನೋಡುತ್ತ, "ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ" ಎಂದ.

"ಹೇಳಿದ್ದೇನೆ. ಮೂರು ವರ್ಷ, ಮೂರು ಸಲ. ಮೊದಲನೇ ಸಲ, ಈ ಸೀಸನ್ನು ಮುಗೀಲಿ ಅಂದ್ರಿ. ಎರಡನೇ ಸಲ ಹೇಳುವಾಗ ಫೋನು ಬಂತು, ಎದ್ದು ಹೋದ್ರಿ. ಈ ವರ್ಷ ಹೇಳಿದಾಗ ಪೂರ್ತಿ ಕೇಳಿದ್ರಿ. ಕೇಳಿ, ಆರೆಂಜು ಮೂವತ್ತು ಸಾಕಾಗ್ತದಾ ಅಂದ್ರಿ."

ಡ್ರಾಯರು ಎಳೆದು ಫಾರಮ್ಮು ಅವನ ಮುಂದಿಟ್ಟಳು. ಅವನು ಎರಡೂ ಬದಿ ಓದಿದ. ನಕ್ಷೆ ಬರೆಯುವವನ ಕಣ್ಣು, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

"ಶನಿವಾರವಾ?"

"ಹೌದು. ಹೆಸರು ಬರೆಸುವುದು ನಾಳೆ ಎಂಟು ಗಂಟೆಗೆ. ಮೊದಲು ಬಂದ ಮೂವತ್ತು ಜನರಿಗೆ ಮಾತ್ರ."

"ನಾಳೆ ಕೊನೇ ಮ್ಯಾಚು."

"ಗೊತ್ತುಂಟು. ಕಾರು ನಾನು ತಗೊಂಡು ಹೋಗ್ತೇನೆ."

ಅವನು ಎದ್ದು ಹೋದ. ಒಳಗೆ ಹೋದವನು ಏನು ಯೋಚಿಸಿದನೋ ನನಗೂ ಗೊತ್ತಿಲ್ಲ. ಸುಗುಣಾ ಆರೆಂಜುಗಳನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿ ಮಲಗಿದಳು. ಹೆಚ್ಚಿಡಲಿಲ್ಲ. ಹೆಚ್ಚದೆ ಮಲಗಿದ್ದಕ್ಕೆ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಆರೂವರೆಗೆ ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದಾಗ ಹಸಿರು ಜಾಕೆಟ್ಟಿನವನು ರಸ್ತೆ ದಾಟುತ್ತಿದ್ದ. ಮಳೆ ಬಂದಿರಲಿಲ್ಲ, ಮಂಗಳವಾರದ ಸುಣ್ಣದ ಗೆರೆ ಹಾಗೇ ಇತ್ತು. ಅದರ ಮುಂದೆ ಒಂದು ಕ್ಷಣ ನಿಂತು, ದಾಟಿ, ಜಯರಾಜನ ಮೆಟ್ಟಲು ಹತ್ತಿದ. ಜಯರಾಜ್ ಲುಂಗಿಯಲ್ಲೇ ಬಾಗಿಲು ತೆಗೆದ. ಉಮಾನಾಥ ನೆಲ ನೋಡುತ್ತ ಏನೋ ಹೇಳಿದ, ಸಾಕಷ್ಟು ಹೊತ್ತು ಹೇಳಿದ. ಜಯರಾಜ್ ಒಳಗೆ ಹೋಗಿ ಶರಟು ಹಾಕಿಕೊಂಡು ಕಾರಿನ ಬೀಗದ ಕೈ ಹಿಡಿದು ಬಂದ. ಇಬ್ಬರೂ ಸೇರಿ ನೆಟ್ಟು, ಪೈಪುಗಳನ್ನು ಸ್ಟೇಶನ್ ವ್ಯಾಗನಿನಿಂದ ಇಳಿಸಿ ಜಯರಾಜನ ಕಾರಿಗೆ ಏರಿಸಿದರು. ಪೈಪು ಒಳಗೆ ಹಿಡಿಸದೆ ಕಿಟಕಿಯಿಂದ ಹೊರಗೆ ಚಾಚಿಕೊಂಡಿತು.

ಸುಗುಣಾ ಫಾರಮ್ಮು ಬ್ಯಾಗಿನಲ್ಲಿಟ್ಟುಕೊಂಡು ಹೊರಟಳು. ಹೊರಗೆ ಬಂದು ವ್ಯಾಗನಿನ ಬಾಗಿಲು ತೆಗೆದರೆ ಒಳಗೆಲ್ಲ ಖಾಲಿ. ಒಣಗಿದ ಹುಲ್ಲು, ಸುಣ್ಣದ ಪುಡಿ. ಕಿಟಕಿಯ ಗಾಜು ಇಳಿಸಿ ಹಿಂದಕ್ಕೆ ತೆಗೆಯುವಷ್ಟರಲ್ಲಿ ಅಡುಗೆಮನೆಯ ಕಿಟಕಿ ತೆರೆಯಿತು. ಉಮಾನಾಥ ನಿಂತಿದ್ದ, ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಆರೆಂಜು. ಒಂದು ಹಣ್ಣನ್ನು ಎಷ್ಟು ತುಂಡು ಮಾಡಬೇಕು ಎಂದು ಕೇಳಿದ. ಕೇಳಿದ್ದು ತುಳುವಿನಲ್ಲಿ.

ಆರು ವರ್ಷ ಅವನ ಕಣ್ಣೆದುರೇ ಹೆಚ್ಚಿದ್ದಳು. ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ನಾಲ್ಕು ಎಂದು ತುಳುವಿನಲ್ಲೇ ಹೇಳಿ, ಗೇರು ಹಾಕಿ, ಗೆರೆ ದಾಟಿ ಹೋದಳು.