ಮಣೆ ಹಾಕಿದವನು

“ಹೇಳಪ್ಪಾ, ನೀನು ಕುಡುಕ ಹೌದೋ ಅಲ್ವೋ?”

“ಅಲ್ಲ ಮೇಡಂ.”

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಕುಡಿತ ಬಿಡಿಸುವ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ಕೂರಿಸಿ ಮಾತಾಡಿಸುವುದು ಅವರ ಕೆಲಸ. ಎದುರು ಕೂತಿದ್ದ ಪೊರಕೆಯವನಿಗೆ ಅಲ್ಲಿ ಇದು ಹತ್ತೊಂಬತ್ತನೆಯ ದಿನ. ‘ರೋಗಿ ತನ್ನ ಚಟವನ್ನು ಒಪ್ಪಿಕೊಂಡಿದ್ದಾನೆಯೇ?’ ಎಂದು ಫೈಲಿನಲ್ಲಿ ಒಂದು ಸಾಲಿತ್ತು. ಅದರ ಮುಂದೆ ಉಗುರಿನಷ್ಟಗಲದ ಎರಡು ಚೌಕ, ಹೌದು, ಇಲ್ಲ. ಇಪ್ಪತ್ತೊಂದನೆಯ ದಿನಕ್ಕೂ ‘ಹೌದು’ ಬೀಳದಿದ್ದರೆ ಹಾಸಿಗೆ ಬೇರೆಯವನಿಗೆ, ಒಪ್ಪಿದನೆಂಬ ಕಾಗದವೂ ಇಲ್ಲ. ಆಸ್ಪತ್ರೆಯ ಕಾಗದವಿಲ್ಲದೆ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

“ಲೋಟ ಹಿಡಿಯೋಕಾಗ್ತಿಲ್ಲ ನಿನ್ ಕೈಲಿ. ಆದ್ರೂ ಅಲ್ಲ ಅಂತೀಯ. ಎಂಥ ಸುಳ್ಳ ನೀನು!”

ಅವನು ನೆಲ ನೋಡಿದ.

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಅತ್ತೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. ಡಾಕ್ಟರಿಂದ ಹಿಡಿದು ಎಲ್ಲರಿಗೂ ಅವಳು ಅತ್ತೆ. ಅವಳೂ ಪೊರಕೆಯವನೂ ಒಂದೇ ಗುಡ್ಡದವರು, ಹುಲ್ಲು ಕೊಯ್ದು ಪೊರಕೆ ಕಟ್ಟುವ ಜನ. ಆ ಜನಕ್ಕೆ ತಮ್ಮದೇ ಒಂದು ಭಾಷೆಯಿತ್ತು. ಕೇಳಿದವರು ನಗುತ್ತಾರೆಂದು ಇಬ್ಬರೂ ಇಲ್ಲಿ ಅದನ್ನು ಆಡಿರಲಿಲ್ಲ.

“ಜ್ವರ ಬಂದವನನ್ನ ‘ನೀನು ಜ್ವರಾನಾ’ ಅಂತ ಕೇಳ್ತೀರಾ ಮೇಡಂ?”

“ಹಂಗಂದ್ರೆ?”

“ನಮ್ಮ ಮಾತಲ್ಲಿ ಜ್ವರ ಮೈಮೇಲೆ ಕೂರುತ್ತೆ. ಸಿಟ್ಟೂ ಕೂರುತ್ತೆ, ಕುಡಿತಾನೂ ಕೂರುತ್ತೆ. ಮನುಷ್ಯನೇ ಅದಾಗಲ್ಲ. ಅವನು ಸುಳ್ಳ ಅಲ್ಲ. ನಿಮ್ಮ ಪ್ರಶ್ನೆನೇ ಸೊಟ್ಟ.”

“ಹಾಗಾದ್ರೆ ನೀನೇ ಕೇಳಮ್ಮ!” ಮೇಡಂ ಸಿಟ್ಟಿನಲ್ಲೇ ಎಂದರು. ಆದರೂ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಅತ್ತೆ ಕುರ್ಚಿಗೆ ಕೂರಲಿಲ್ಲ. ಅವನೆದುರು ಕುಕ್ಕರಗಾಲಲ್ಲಿ ಕೂತು, ಗುಡ್ಡದ ಮಾತಿನಲ್ಲಿ ಕೇಳಿದಳು. ಒಂದೊಂದನ್ನೂ ಮೇಡಂಗೆ ತಿಳಿಯುವಂತೆ ಮತ್ತೆ ಹೇಳಿದಳು.

“ಕೂತಿದೆಯಾ ಮಗಾ?”

ಅವನು ತಟ್ಟನೆ ತಲೆಯೆತ್ತಿದ. “ಕೂತಿದೆ ಅತ್ತೆ.”

“ಎಲ್ಲಿ?”

ಎರಡೂ ಕೈ ಎತ್ತಿ ತೋರಿಸಿದ. ನಡುಗುತ್ತಿದ್ದವು.

“ತಾನಾಗಿ ಬಂತಾ? ಯಾರಾದ್ರೂ ಕೂರಿಸಿದ್ರಾ?”

ಇದೊಂದನ್ನು ಆ ಜನ ಕೇಳದೆ ಬಿಡುವುದಿಲ್ಲ. ಪೊರಕೆಯವನು ಬಾಯಿ ತೆರೆದ. ಜೊತೆಗಾರರ ಹೆಸರು ನಾಲಗೆ ತುದಿಗೆ ಬಂತು, ಯಾರೂ ಕೊಳ್ಳದ ಪೊರಕೆಗಳೂ ನೆನಪಾದವು. ಬಾಯಿ ಮುಚ್ಚಿಕೊಂಡ. ಎರಡನ್ನೂ ಬಿಟ್ಟು ಹೇಳಿದ.

“ನಾನೇ ಕರೆದು ಮಣೆ ಹಾಕ್ದೆ ಅತ್ತೆ. ನನ್ನ ಹೆಂಡ್ತಿ ಕೂರೋ ಜಾಗದಲ್ಲೇ ಹಾಕ್ದೆ.”

ಅತ್ತೆ ಅದನ್ನು ಮೇಡಂಗೆ ಹೇಳುವಾಗ ಮೂಗು ಒರೆಸಿಕೊಂಡಳು. “ಬರ್ಕೊಳ್ಳಿ. ನಿಮ್ಮ ಚೌಕದಲ್ಲಿ ಹಿಡಿಸುತ್ತಾ ನೋಡಿ.”

ಹಿಡಿಸಲಿಲ್ಲ. ಮೇಡಂ ಚೌಕಗಳನ್ನು ಬಿಟ್ಟು ಅಂಚಿನಲ್ಲಿ ಇಡೀ ಮಾತನ್ನು ಬರೆದರು. ಆಮೇಲೆ ಅವನತ್ತ ತಿರುಗಿ, “ಸುಳ್ಳ ಅಂದಿದ್ದು ನನ್ನ ತಪ್ಪು” ಎಂದರು.

ಅತ್ತೆ ತನ್ನ ಸವೆದ ಪೊರಕೆಯನ್ನೂ ಒಂದು ಹೊರೆ ಹುಲ್ಲನ್ನೂ ಅವನ ಕಾಲ ಬಳಿ ಹಾಕಿದಳು. “ಇದೇನು ಪೊರಕೆನಾ? ಬೋಳು ತಲೆ. ಕಟ್ಟಿಕೊಡು.”

“ಕೈ ನಡುಗುತ್ತೆ.”

“ನಡುಗ್ಲಿ. ಬಿಚ್ಚಿಹೋದ್ರೆ ಮತ್ತೆ ಕಟ್ಟು. ನಿಂಗೇನು ಬಸ್ಸು ತಪ್ಪುತ್ತಾ?”

ಎರಡು ದಿನದಲ್ಲಿ ಹನ್ನೊಂದು ಸಲ ಬಿಚ್ಚಿಹೋಯಿತು.

ಇಪ್ಪತ್ತೊಂದನೆಯ ದಿನ ಹೆಂಡತಿ ಬಂದಾಗ ಅವನು ಹೊರಗಿನ ಬೆಂಚಿನಲ್ಲಿದ್ದ. ಪಕ್ಕದ ಜಾಗದ ತುಂಬ ಅರ್ಧ ಕಟ್ಟಿದ ಪೊರಕೆ ಚಾಚಿಕೊಂಡಿತ್ತು.

“ಕಾಗದ ಕೊಟ್ರಾ?”

ಕೊಟ್ಟ. ಅದರಲ್ಲೂ ಮೇಡಂ ಅವನ ಮಾತನ್ನೇ ಬರೆದಿದ್ದರು. ಅವಳು ನಿಂತೇ, ತುಟಿ ಅಲ್ಲಾಡಿಸುತ್ತಾ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು.

ಅವನು ಪೊರಕೆಯನ್ನೆತ್ತಿ ಬೆಂಚಿನ ಕೆಳಗಿಟ್ಟ. ಹುಲ್ಲಿನ ಚೂರುಗಳನ್ನು ಅಂಗೈಯಿಂದ ಒರೆಸಿ ಹಾಕಿದ.

ಅವಳು ಕಾಗದ ಮಡಚಿ ಚೀಲದಲ್ಲಿಟ್ಟಳು. ಮೊಣಕೈಯಿಂದ ಅವನನ್ನು ತಿವಿದು, “ಸರ್ಕೋ ಆಚೆ” ಎಂದು ಕೂತಳು.