ಆಯ್ಕೆಯಾಗದ ಹಾಳೆ

"ಐವತ್ತೆರಡು ಪದ್ಯಗಳಲ್ಲಿ ಮೂವತ್ತೊಂದರಲ್ಲಿ ಚಿನ್ನ ಬರುತ್ತೆ," ಎಂದಳು ಶಶಿರೇಖ. "ಚಿನ್ನ ತೆಗೆದೋರು ಮಾತ್ರ ಒಬ್ಬರೂ ಇಲ್ಲ. ಇದನ್ನ ಆಯ್ಕೆ ಅಂತ ಯಾಕೆ ಕರೀತೀರಿ? ನೆಂಟರ ಪಟ್ಟಿ ಅನ್ನಿ."

ಬಂಗಾರಪೇಟೆ ರೈಲು ನಿಲ್ದಾಣದ ಹಿಂದಿನ ಆ ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟಿದವು. ತಾಲ್ಲೂಕಿನ ಕವಿಗಳ ಸಂಕಲನ ಬಿಡುಗಡೆಯಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ನಾಲ್ಕು ಒಳ್ಳೆಯ ಮಾತಾಡಲಿ ಎಂದು ಕೋಲಾರದಿಂದ ಕರೆಸಿದ್ದ ಅಧ್ಯಾಪಕಿ ಹೀಗೆ ಬಡಿಗೆ ಹಿಡಿದು ನಿಲ್ಲುತ್ತಾಳೆಂದು ಯಾರು ಎಣಿಸಿದ್ದರು? ಸಂಪಾದಕರಾದ ನಿವೃತ್ತ ಹೆಡ್‌ಮಾಸ್ಟರ್ ಆದಿನಾರಾಯಣ ಹೆಗಲ ಮೇಲಿನ ಶಾಲನ್ನು ಎಳೆದು ತೊಡೆಯ ಮೇಲೆ ಮುದ್ದೆ ಮಾಡಿಕೊಂಡರು. "ಈಮೆನು ಎವರಯ್ಯಾ ಪಿಲಿಚಿಂದಿ?" ಎಂದು ತೆಲುಗಿನಲ್ಲಿ ಗೊಣಗಿದರು. ಅವಳನ್ನು ಯಾರು ಕರೆದದ್ದೆಂದರೆ, ಅವರೇ.

ಅವರ ಪಕ್ಕದಲ್ಲಿ ಕೂತಿದ್ದ ರವಿಶಂಕರ್ ತಲೆ ಎತ್ತಲಿಲ್ಲ. ಬೇತಮಂಗಲದ ಆಚೆಯ ಹಳ್ಳಿಯೊಂದರಲ್ಲಿ ಅವನು ಹಾಲಿನ ಡೇರಿಯ ಕಾರ್ಯದರ್ಶಿ. ಬಂದ ಇನ್ನೂರು ಚಿಲ್ಲರೆ ಪದ್ಯಗಳನ್ನು ಮೊದಲು ಸೋಸಿದವನು ಅವನೇ. ಅವನ ಪದ್ಯವೂ ಪುಸ್ತಕದಲ್ಲಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ ನವ್ಯಶ್ರೀ ಮೊಬೈಲು ಎತ್ತಿ ಹಿಡಿದು, ಗಂಡ ವೇದಿಕೆಯ ಮೇಲೆ ಕೂತದ್ದನ್ನೆಲ್ಲ ವೀಡಿಯೋ ಮಾಡುತ್ತಿದ್ದಳು.

"ಹದಿನಾಲ್ಕನೇ ಪುಟ," ಶಶಿರೇಖ ಹಾಳೆ ತಿರುಗಿಸಿದಳು. "'ಗಣಿಯ ತಣ್ಣನೆ ಕತ್ತಲೆ' ಅಂತೆ. ಅಷ್ಟು ಆಳದಲ್ಲಿ ಬಂಡೆ ಮುಟ್ಟಿದ್ರೆ ಕೈ ಸುಡೋದು, ಸ್ವಾಮಿ. ಬರೆದೋರು ಯಾರನ್ನಾದ್ರೂ ಕೇಳಬಹುದಿತ್ತು."

ಬರೆದವನು ಕಾಂತರಾಜ್. ಎದ್ದೇ ನಿಂತ. "ಇಳಿಯಮ್ಮ ಕೆಳಕ್ಕೆ! ಉಂಡ ಮನೆ ಜಂತೆ ಎಣಿಸಾಕೆ ಬಂದೌಳೆ!"

"ಊಟ ಇನ್ನೂ ಹಾಕಿಲ್ವಲ್ಲ," ಎಂದಳು ಶಶಿರೇಖ.

ಯಾರೋ ನಕ್ಕರು, ಯಾರೋ ಕೂಗಿದರು. ಗದ್ದಲ ತಗ್ಗುವವರೆಗೆ ಅವಳು ಪುಸ್ತಕದೊಳಗೆ ಬೆರಳಿಟ್ಟು ಕಾದಳು. "ಇಡೀ ಪುಸ್ತಕದಲ್ಲಿ ನಿಜವಾದದ್ದು ಎರಡೇ ಸಾಲು. ರವಿಶಂಕರ್ ಅವರದ್ದು. 'ಮೇಲೆ ಬಂದು ಬೂಟು ಬಗ್ಗಿಸಿದೆ. ನನ್ನದೇ ಬೆವರು, ಇನ್ನೂ ಬಿಸಿ.' ಉಳಿದ ಪದ್ಯ ಬರೀ ಹೊಟ್ಟು. ಆದರೆ ಈ ಎರಡು ಸಾಲನ್ನ ಮೇಲೆ ಕೂತು ಬರೆಯೋಕಾಗಲ್ಲ. ಹೇಳಿ, ನಿಮಗೆಲ್ಲಿ ಸಿಕ್ಕಿತು ಇದು?"

ಮೈಕು ಅವನ ಕಡೆ ಬಂತು. ನವ್ಯಶ್ರೀಯ ಮೊಬೈಲೂ ಅವನತ್ತ ತಿರುಗಿತು. ಆ ಸಾಲುಗಳು ಚಿನ್ನದ ಗಣಿಯ ಕಾಲೊನಿಯಾದ ಕೋರಮಂಡಲ್‌ನ ಪೆರುಮಾಳ್ ಎಂಬಾತನವು. ಗಣಿ ಮುಚ್ಚಿದ ಮೇಲೆ ಕನ್ನಡ ಶಾಲೆಯೊಂದರಲ್ಲಿ ವಾಚ್‌ಮನ್ ಆಗಿ, ತರಗತಿಯ ಹೊರಗೆ ಕೂತು ಅಕ್ಷರ ಕಲಿತ ಮುದುಕ. ಅವನ ಹಾಳೆಯಲ್ಲಿ ಹನ್ನೊಂದು ತಪ್ಪುಗಳಿಗೆ ಕೆಂಪು ಸುತ್ತು ಹಾಕಿ, ರವಿಶಂಕರ್ ಅದನ್ನು ತಿರಸ್ಕೃತದ ಕಂತೆಗೆ ಸೇರಿಸಿದ್ದ. ಸಾಲುಗಳು ಮಾತ್ರ ತಲೆಯಿಂದ ಇಳಿಯಲಿಲ್ಲ. ತನ್ನ ಪದ್ಯ ಕೊನೆಗೆ ಬಂದು ಸತ್ತುಬಿದ್ದಾಗ ಅವನ್ನು ತಂದು ಅಲ್ಲಿ ಕೂರಿಸಿದ. ಗಣಿಗಿಳಿದ ಯಾರಾದರೂ ಹೇಳಬಹುದಾದ ಮಾತು ತಾನೆ ಎಂದು ಸಮಾಧಾನ ಮಾಡಿಕೊಂಡಿದ್ದ.

"ನಮ್ಮಪ್ಪ ಹೇಳಿದ್ದು," ಎಂದ.

ಚಪ್ಪಾಳೆ ಬಿತ್ತು. ಅದರ ಮಧ್ಯೆ ನವ್ಯಶ್ರೀಯ ಕೈ ನಿಧಾನವಾಗಿ ಕೆಳಗಿಳಿದದ್ದನ್ನು ಅವನು ಕಂಡ.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನವರೆಗೂ ಗುಂಡಿ. "ನಿಮ್ಮಪ್ಪ ಗಣಿಗೆ ಯಾವ ಶಾಫ್ಟಲ್ಲಿ ಇಳೀತಿದ್ರು ಸಾರ್?"

ರವಿಶಂಕರ್ ಮೈಕನ್ನು ಬಾಯಿಂದ ದೂರ ಸರಿಸಿದ.

"ನಾನು ಪೆರುಮಾಳು. ಇಪ್ಪತ್ತಾರು ವರ್ಷ ಕೆಳಗಿದ್ದೆ. ಅವ್ರು ಯಾವ ಶಾಫ್ಟು ಅಂತ ಕೇಳ್ದೆ, ಅಷ್ಟೇ."

ಶಶಿರೇಖ ಒಮ್ಮೆ ಮುದುಕನನ್ನೂ ಒಮ್ಮೆ ರವಿಶಂಕರನನ್ನೂ ನೋಡಿ ಪುಸ್ತಕ ಮುಚ್ಚಿದಳು.

"ಪುಸ್ತಕ ನೀವೇ ಇಟ್ಕೊಳ್ಳಿ," ಎಂದ ಪೆರುಮಾಳ್. "ನನ್ನ ಕಾಗದ ವಾಪಸ್ ಕೊಡಿ. ಬೇರೆ ಕಾಪಿ ಇಲ್ಲ."

ಆದಿನಾರಾಯಣರು ಮೈಕು ಕಸಿದುಕೊಂಡು, ಊಟಕ್ಕೆ ಹೊತ್ತಾಯಿತೆಂದು ಸಾರಿದರು. ಶಶಿರೇಖಳನ್ನಾಗಲಿ ಮುದುಕನನ್ನಾಗಲಿ ಯಾರೂ ಪಂಕ್ತಿಗೆ ಕರೆಯಲಿಲ್ಲ. ಪೆರುಮಾಳ್ ಆಗಲೇ ಹೊರಟುಹೋಗಿದ್ದ. ಕೈತೊಳೆಯುವಲ್ಲಿ ಕಾಂತರಾಜ್ ರವಿಶಂಕರನ ಕಿವಿಯ ಹತ್ತಿರ ಬಂದು, "ಕಳ್ಳತನ ಮಾಡಿದ್ರೂ ನಿಂದೇ ಒಳ್ಳೇ ಪದ್ಯ ಆಯ್ತಲ್ಲಪ್ಪ," ಎಂದು ಹೋದ.

ಸ್ಕೂಟರು ಊರಿನ ಹಾದಿ ಹಿಡಿಯಿತು. ನವ್ಯಶ್ರೀ ಬೆನ್ನ ಹಿಂದಿನಿಂದ ಅಂದಳು: "ಮಾವ ಕುರಿ ಬಿಟ್ಟು ಬ್ಯಾರೆ ಏನೂ ಕಂಡೋರಲ್ಲ. ಸತ್ತೋರ ಬಾಯಾಗೆ ಸುಳ್ಳು ತುರುಕ್ದಲ್ಲ, ನಿಂಗೆ ನಾಲ್ಗೆ ಎಂಗೆ ಬಂತು?"

"ಎಲ್ರೂ ನೋಡ್ತಿದ್ರು ಕಣೇ."

"ನಾನೂ ನೋಡ್ತಿದ್ದೆ."

ಮಾರನೆಯ ದಿನ ಡೇರಿಯ ಬೆಳಗಿನ ಹಾಲು ಕಳಿಸಿದ ಮೇಲೆ ಅವನು ಬೀರುವಿನ ಬಟ್ಟೆಗಳ ಕೆಳಗಿನಿಂದ ಹಾಳೆ ತೆಗೆದ. ಕಂತೆಯನ್ನೆಲ್ಲ ರದ್ದಿಗೆ ಹಾಕಿದಾಗ ಇದೊಂದನ್ನು ಯಾಕೆ ಉಳಿಸಿಕೊಂಡಿದ್ದನೋ ಅವನಿಗೇ ತಿಳಿಯದು.

ಕೋರಮಂಡಲ್‌ನ ಸಾಲುಮನೆಗಳಲ್ಲಿ ಪೆರುಮಾಳ್ ಮನೆ ಹುಡುಕಲು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಅವನ ಹೆಂಡತಿ ಅಂಬಿಕ ಮೊರ ತುಂಬ ನುಗ್ಗೆಸೊಪ್ಪು ಹಾಕಿಕೊಂಡು ಬಿಡಿಸುತ್ತಿದ್ದಳು. ಗಂಡ ನೀರಿಗೆ ಹೋಗಿದ್ದಾನೆ ಎಂದಳು. ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿದಳು.

"ಎನ್ನ ಇದು? ಏನಿದು, ನೋಟೀಸಾ? ಮನೆ ಖಾಲಿ ಮಾಡ್ಬೇಕಾ?"

"ಅಲ್ಲಮ್ಮ. ನಿಮ್ಮ ಯಜಮಾನ್ರು ಬರೆದ ಪದ್ಯ."

"ಇವ್ರು ಪದ್ಯ ಬರೀತಾರಾ?" ಅವಳು ಅವನ ಮುಖ ನೋಡಿದಳು, ತಮಾಷೆ ಮಾಡುತ್ತಿಲ್ಲ ತಾನೆ ಎಂಬಂತೆ. ಹಾಳೆ ಹಿಂದಕ್ಕೆ ಚಾಚಿದಳು. "ನಂಗೆ ಓದಕ್ಕೆ ಬರಲ್ಲ. ನೀವೇ ಓದಿ."

ಕೊಟ್ಟು ಹೊರಟುಬಿಡೋಣವೆಂದು ಬಂದವನು ಅಂಗಳದಲ್ಲಿ ನಿಂತು ಓದತೊಡಗಿದ. ಮೊದಲ ಕೆಂಪು ಸುತ್ತು ಬಂದಾಗ ನಾಲಗೆ ತಾನೇ ತಿದ್ದಿಕೊಂಡು ಓದಿತು. ಅವನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮುದುಕ ಬರೆದಿದ್ದ ಹಾಗೆಯೇ ಮತ್ತೆ ಓದಿದ. ಮೂರನೆಯ ಚರಣದಲ್ಲಿ ಗಿರಿ ಎಂಬೊಬ್ಬನ ಹೆಸರಿತ್ತು. ಬಂಡೆ ಸಿಡಿದ ದಿನ ಲಿಫ್ಟಿನಲ್ಲಿ ಅವನ ಜಾಗವನ್ನು ಖಾಲಿ ಬಿಟ್ಟು ಎಲ್ಲರೂ ಒತ್ತರಿಸಿ ನಿಂತು ಮೇಲೆ ಬಂದರು ಎಂದಿತ್ತು. ಆ ಚರಣದ ಪಕ್ಕದಲ್ಲಿ ರವಿಶಂಕರನ ಕೈಬರಹವಿತ್ತು: 'ಅನಗತ್ಯ.'

ಸೊಪ್ಪು ಬಿಡಿಸುತ್ತಿದ್ದ ಬೆರಳುಗಳು ನಿಂತವು.

"ಗಿರಿ ನನ್ನ ತಮ್ಮ," ಎಂದಳು ಅಂಬಿಕ. "ಇವ್ರು ಅವನ ಹೆಸರು ಎತ್ತಿ ಮೂವತ್ತು ವರ್ಷ ಆಯ್ತು. ನಾನು ಎತ್ತಿದ್ರೂ ಎದ್ದು ಹೊರಗೆ ಓಗ್ತಾರೆ."

ಅಷ್ಟರಲ್ಲಿ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಪೆರುಮಾಳ್ ಬಂದ. ರವಿಶಂಕರನನ್ನು ನೋಡಿದ, ಕೈಯಲ್ಲಿದ್ದ ಹಾಳೆ ನೋಡಿದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಒಂದು ಕೊಡ ಬಿಚ್ಚಿ ಹೆಗಲಿಗೇರಿಸಿಕೊಂಡು, ಇಬ್ಬರ ನಡುವೆಯೇ ಹಾದು ಒಳಗೆ ನಡೆದ.

ರವಿಶಂಕರ್ ಹಾಳೆ ಮಡಚಲು ಹೋದ.

"ನಿಲ್ಲಿಸ್ಬೇಡಿ," ಎಂದಳು ಅಂಬಿಕ, ಅವನ ಕಡೆ ನೋಡದೆ. "ಓದಿ."

ಅವನು ಓದಿದ. ಒಳಗೆ ಕತ್ತಲೆ. ಕೊಡವನ್ನು ಕೆಳಗಿಟ್ಟ ಸದ್ದು ಎಷ್ಟು ಹೊತ್ತಾದರೂ ಕೇಳಿಸಲಿಲ್ಲ.