ಸರಕಾರಿ ಮೇವು

ಮಚ್ಛೆ ದಾಟಿ ಖಾನಾಪುರದ ಹಾದಿ ಹಿಡಿದರೆ ಎಡಕ್ಕೆ ಸಿಗುವ ಗುಡ್ಡದಲ್ಲಿ ಊರ ಕುರಿಗಳು ಮೇಯುತ್ತಿದ್ದವು. ಎಂಬತ್ತೊಂದರಲ್ಲಿ ಕಾಡು ಬೆಳೆಸಲು ದಿಲ್ಲಿಯಿಂದ ಹಣ ಬಂತು, ಹಣದ ಬೆನ್ನಿಗೆ ಜೀಪು ಬಂತು. ಜೀಪಿನಿಂದ ಇಳಿದವರು ಮೊಣಕಾಲುದ್ದ ಹುಲ್ಲಿನಲ್ಲಿ ನಿಂತುಕೊಂಡೇ ಆ ಗುಡ್ಡವನ್ನು ಬಂಜರು ಎಂದು ಕರೆದರು. ಸುತ್ತ ಮುಳ್ಳುತಂತಿ ಬಿಗಿದು ನೀಲಗಿರಿ ಸಸಿ ನೆಟ್ಟರು. ಕುರಿ ಬಾರದಂತೆ ಕಾಯಲು ಆರಿಸಿದ್ದು ಯಾರನ್ನು? ಕುರುಬರ ಭರಮಪ್ಪನನ್ನೇ. ಸರಕಾರಕ್ಕೆ ಬುದ್ಧಿಯಿಲ್ಲ ಎನ್ನುವವರು ಇದನ್ನು ನೋಡಬೇಕಿತ್ತು.

"ಮೂರು ವರ್ಷ ತಡಿಯಪಾ," ಎಂದಿದ್ದರು ಜೀಪಿನಲ್ಲಿ ಬಂದಿದ್ದ ಅರಣ್ಯ ಇಲಾಖೆಯ ಸಾಹೇಬರು. "ಗಿಡ ಆಳೆತ್ತರ ಆಗಲಿ. ಆಮ್ಯಾಲ ಗೇಟ ತಗೀತೇವಿ, ನಿಮ್ಮ ಕುರಿ ನೆರಳಾಗ ಮೇಯತಾವು."

ಭರಮಪ್ಪ ಅದನ್ನು ಬೀರದೇವರ ಭಂಡಾರ ಮುಟ್ಟಿ ಆಡಿದ ಮಾತೆಂದು ನಂಬಿದ. ಖಾಕಿ ತೊಟ್ಟು, ತಂತಿಯ ಹತ್ತಿರ ಸುಳಿದ ಕುರಿಗಳನ್ನೆಲ್ಲ ಅಟ್ಟಿದ. ಒಡಹುಟ್ಟಿದ ತಮ್ಮ ಸತ್ಯಪ್ಪನ ಹಿಂಡು ಒಳಗೆ ನುಗ್ಗಿದಾಗ ಅದನ್ನೂ ಹೊಡೆದುಕೊಂಡು ಹೋಗಿ ಕೊಂಡವಾಡದಲ್ಲಿ ಕೂಡಿಹಾಕಿಸಿದ.

"ಅಣ್ಣಾ, ಆ ಎಲಿಗೆ ಕುರಿ ಮೂಗ ಸುದ್ದಾ ಹಚ್ಚೂದಿಲ್ಲೋ. ಹುಲ್ಲಿಗೆ ಬಂದಾವು," ಎಂದು ಸತ್ಯಪ್ಪ ಅಂಗಲಾಚಿದ.

"ಮೂರು ವರ್ಷ ತಡಿ. ನಿನ್ನ ಸಲುವಾಗೇ ಕಾಯಾಕತ್ತೇನಿ."

ಸತ್ಯಪ್ಪ ತಡೆದ. ಕುರಿಗಳು ತಡೆಯಬೇಕಲ್ಲ? ಮೇವಿಲ್ಲದೆ ಸೊರಗಿದವು ಒಂದೊಂದಾಗಿ ಬೆಳಗಾವಿ ಸಂತೆಗೆ ಹೋದವು. ಅವನು ಮಚ್ಛೆಯ ಕಾರ್ಖಾನೆಯಲ್ಲಿ ಕೂಲಿಗೆ ನಿಂತ. ಅಣ್ಣನ ಹೊಸ್ತಿಲು ತುಳಿಯುವುದನ್ನು ಬಿಟ್ಟ.

ಎಂಬತ್ತನಾಲ್ಕರಲ್ಲಿ ಗೇಟು ತೆರೆದದ್ದಂತೂ ಖರೆ. ಕೊಟ್ಟ ಹಣ ಏನಾಯಿತೆಂದು ನೋಡಲು ಆ ದಿನವೇ ದಿಲ್ಲಿಯ ತಂಡ ಬರುವುದಿತ್ತು. ಭರಮಪ್ಪ ತಮ್ಮನ ಮನೆಗೆ ಓಡಿದ.

"ಉಳಿದಷ್ಟು ಕುರಿ ಹೊಡಕೊಂಡ ಬಾರೋ! ನಾ ಹೇಳಿದ್ದಿಲ್ಲೇನು?"

ಕುರಿಗಳು ಕೆಳಗಿನ ಗೇಟಿನಿಂದ ಒಳಹೊಕ್ಕವು, ಗಿಡಗಳ ಸಾಲಿನ ನಡುವೆ ನಡೆದವು, ಮೇಲಿನ ಗೇಟಿನಿಂದ ಹೊರಬಿದ್ದವು. ಒಂದೂ ತಲೆ ಬಗ್ಗಿಸಲಿಲ್ಲ. ಬುಡದಲ್ಲಿ ಒಣಗಿದ ಎಲೆ ಬಿಟ್ಟರೆ ಹುಲ್ಲಿನ ಕಡ್ಡಿ ಇರಲಿಲ್ಲ. ಮೂರು ವರ್ಷ ಕಾದವನ ಕಣ್ಣಿಗೆ ಇದು ಬಿದ್ದಿರಲಿಲ್ಲವೇ? ಬಿದ್ದಿತ್ತು. ಮುಂದಿನ ಮಳೆಗೆ ಚಿಗುರೀತು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ, ಪಾಪ.

ಸಾಹೇಬರು ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಸಿಮೇವು ತರಿಸಿ ಗಿಡಗಳ ಬುಡಕ್ಕೆಲ್ಲ ಹರಡಿಸಿ, ಕುರಿಗಳನ್ನು ಮತ್ತೆ ಒಳಗೆ ಬಿಡಿಸಿದರು. ಕುರಿಗಳು ಮುಗಿಬಿದ್ದು ತಿಂದವು. ತಂಡದವರು ಫೋಟೊ ತೆಗೆದರು, ತಲೆದೂಗಿದರು, ಚಹಾ ಕುಡಿದು ಹೋದರು.

"ಭರಮಪ್ಪಾ, ಕುರಿ ಹೊರಗ ಹಾಕು," ಎಂದರು ಸಾಹೇಬರು. "ಉಳಿದ ಮೇವು ಬಳದು ಹೊರಿ ಕಟ್ಟು. ಸರಕಾರಿ ಮೇವು ಅದು. ನಾಳೆ ಖಾನಾಪುರದಾಗೂ ಫೋಟೊ ಐತಿ."

ಭರಮಪ್ಪನಿಗೆ ಕುರಿಯ ಬಾಯಿಂದ ಕಿತ್ತುಕೊಳ್ಳಲು ಕೈ ಏಳಲಿಲ್ಲ.

ಸತ್ಯಪ್ಪನೇ ಕುರಿಗಳನ್ನು ಅಟ್ಟಿದ. ಮೇವನ್ನೆಲ್ಲ ಬಳಿದು ಹೊರೆ ಕಟ್ಟಿ, ಅಣ್ಣನ ತಲೆಯ ಮೇಲೆ ಹೊರಿಸಿದ.

"ತಗೋ ಅಣ್ಣಾ. ಇದನ್ನರ ಛಂದಂಗ ಕಾಯಿ," ಎಂದ. "ಇದನ್ನ ಕುರಿ ತಿಂತಾವು."